ಛಲ ಆಮೇಲೆ, ಮೊದಲು ಶೂ ಬಾಗಿಲಿಗೆ ಬರಲಿ

ಮಾನ್ಯ ಸಂಪಾದಕರೇ,

ಹೊಸ ವರ್ಷ ಬಂದರೆ ಸಾಕು, ಯುಗಾದಿ ಬಂದರೆ ಸಾಕು, ನಿಮ್ಮ ಪತ್ರಿಕೆಯೂ ಸೇರಿ ಎಲ್ಲ ಕಡೆ ಒಂದೇ ಉಪದೇಶ. ಸಂಕಲ್ಪ ಮಾಡಿ, ಛಲ ಬಿಡಬೇಡಿ, ಮನಸ್ಸಿದ್ದರೆ ಮಾರ್ಗ. ಓದಿದ ದಿನ ಹುರುಪು ಬರುವುದೇನೋ ನಿಜ. ಹದಿನೈದು ದಿನ ಕಳೆಯುವಷ್ಟರಲ್ಲಿ ವಾಕಿಂಗ್ ನಿಂತಿರುತ್ತದೆ, ಆಮೇಲೆ ‘ನಾವು ಆರಂಭಶೂರರು ಬಿಡಿ’ ಅಂತ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ.

ಜನರಲ್ಲಿ ಛಲಕ್ಕೇನೂ ಬರ ಇಲ್ಲ ಸ್ವಾಮಿ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು, ತಿಂಡಿ, ಊಟದ ಡಬ್ಬಿ, ಸ್ಕೂಲ್ ವ್ಯಾನು ಎಲ್ಲ ನಿಭಾಯಿಸುವ ಹೆಂಗಸಿಗೆ ಛಲ ಇಲ್ಲ ಅನ್ನೋಕಾಗುತ್ತಾ? ಅವಳ ಶೂ ಮಂಚದ ಕೆಳಗೆ ಮೂಲೆ ಸೇರಿದೆ, ಸಾಕ್ಸ್ ಒಂದೇ ಸಿಗುತ್ತಿದೆ, ಪಾರ್ಕಿಗೆ ಬೀಗ ಬಿದ್ದಿದೆ. ಅಷ್ಟೇ ವಿಷಯ.

ಇನ್ನೊಂದು ‘21 ದಿನ’ದ ಕಥೆ. 21 ದಿನ ಮಾಡಿದರೆ ಯಾವುದೇ ಅಭ್ಯಾಸ ಕೂತುಬಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಈ ಮಾತು ಹುಟ್ಟಿದ್ದು ಅಮೆರಿಕದ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್‌ರಿಂದ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು 1960ರಲ್ಲಿ ಬರೆದಿದ್ದರು. ‘ಕಡಿಮೆ ಅಂದರೂ’ ಅನ್ನುವುದು ಕೈಬಿಟ್ಟುಹೋಯಿತು, ಮುಖದ ಲೆಕ್ಕ ವಾಕಿಂಗಿಗೂ ಬಂತು! ನಿಜವಾಗಿ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಗಾರರು. 96 ಜನರನ್ನು 12 ವಾರ ಗಮನಿಸಿ ಅವರು ಹಾಕಿದ ಲೆಕ್ಕದಲ್ಲಿ ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕು. ಸಾಮಾನ್ಯವಾಗಿ 66 ದಿನ. ಒಂದು ಲೋಟ ನೀರು ಕುಡಿಯುವಂಥ ಸುಲಭದ್ದು ಬೇಗ ಹಿಡಿಯಿತು, ವ್ಯಾಯಾಮ ನಿಧಾನ. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಮುಳುಗಲಿಲ್ಲ. ನೆಂಟರ ಮದುವೆಗೆ ಹೋಗಿ ಒಂದು ದಿನ ವಾಕಿಂಗ್ ತಪ್ಪಿತು ಅಂತ ಪೂರ್ತಿ ಬಿಟ್ಟುಬಿಡುವವರು ಇದನ್ನು ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿಕೊಳ್ಳಲಿ.

ಹಾಗಾಗಿ ಕೆಲಸವನ್ನೇ ಸುಲಭ ಮಾಡಿಕೊಳ್ಳುವುದು ಜಾಣತನ. ಶೂ, ಸಾಕ್ಸ್ ರಾತ್ರಿಯೇ ಬಾಗಿಲ ಹತ್ತಿರ ಬರಲಿ, ಮಳೆಗಾಲವಾದರೆ ಪಕ್ಕದಲ್ಲೇ ಛತ್ರಿ. ಫ್ರಿಜ್ಜಿನ ತಳದಲ್ಲಿಟ್ಟ ಪರಂಗಿ ಹಣ್ಣು ಕೊಳೆಯುತ್ತದೆ, ಹೆಚ್ಚಿ ಟೇಬಲ್ ಮೇಲಿಟ್ಟರೆ ಟೀವಿ ನೋಡುತ್ತಾ ಖಾಲಿಯಾಗುತ್ತದೆ. ಚಕ್ಕುಲಿ ಡಬ್ಬ ಅಟ್ಟಕ್ಕೆ ಹೋಗಲಿ. ಏಣಿ ಹಾಕಿ ಹತ್ತಿ ತಿನ್ನುವಷ್ಟು ಆಸೆ ಇದ್ದರೆ ತಿನ್ನಿ ಪರವಾಗಿಲ್ಲ, ಹತ್ತಿದ್ದೂ ವ್ಯಾಯಾಮವೇ. ಫೋನ್ ಚಾರ್ಜಿಗೆ ಹಾಕುವ ಜಾಗ ಹಾಲ್‌ಗೆ ಬದಲಾದರೆ ನಿದ್ದೆಯ ಅರ್ಧ ತೊಂದರೆ ಮುಗಿಯಿತು. ಹೊಸ ಅಭ್ಯಾಸಕ್ಕೆ ಹೊಸ ಅಲಾರಂ ಇಡುವುದಕ್ಕಿಂತ ಹಳೆಯದಕ್ಕೇ ಗಂಟು ಹಾಕುವುದು ವಾಸಿ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವವರೆಗೆ ನಮ್ಮ ಮನೆಯಲ್ಲಿ ಸೂರ್ಯ ನಮಸ್ಕಾರ. ಡಿಕಾಕ್ಷನ್ ಅಂತೂ ದಿನಾ ಇಳಿಯಲೇಬೇಕಲ್ವಾ!

ಆದರೂ ಬೇಜಾರು ಬರುತ್ತದೆ. ದಿನಾ ಅದೇ ಕುಕ್ಕರಹಳ್ಳಿ ಕೆರೆ ಏರಿ, ಅದೇ ಮುಖಗಳು, ಅದೇ ರಾಜಕೀಯ ಚರ್ಚೆ. ಬೇಜಾರಾದಾಗ ಜನ ಮಾಡುವುದೇನೆಂದರೆ ಹೊತ್ತು ಬದಲಾಯಿಸುವುದು, ಇಲ್ಲವೇ ನಿಲ್ಲಿಸಿಯೇಬಿಡುವುದು. ನನ್ನ ಪ್ರಕಾರ ಹೊತ್ತನ್ನು ಮುಟ್ಟಬಾರದು, ದಾರಿ ಬದಲಾಯಿಸಬೇಕು. ಕೆರೆಯನ್ನು ಉಲ್ಟಾ ಸುತ್ತಿ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಮಾತಾಡುವ ಗೆಳತಿಯ ಬದಲು ಒಂದು ವಾರ ರೇಡಿಯೊ ಕರೆದುಕೊಂಡು ಹೋಗಿ. ಹೊಸ ಶುರುವಿಗೂ ಒಂದು ಬಲ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಕಾರ ವಾರದ ಶುರು, ತಿಂಗಳ ಶುರು, ಹುಟ್ಟುಹಬ್ಬ ಕಳೆದ ಮೇಲೆ ಜನ ಜಿಮ್ಮಿಗೆ ಜಾಸ್ತಿ ಹೋಗುತ್ತಾರೆ. ಹಾಗಿದ್ದರೆ ನಾವು ಅದೃಷ್ಟವಂತರು. ಸಂಕ್ರಾಂತಿ, ಯುಗಾದಿ, ಗೌರಿ ಗಣೇಶ, ದಸರಾ, ದೀಪಾವಳಿ, ಎಷ್ಟು ಬೇಕೋ ಅಷ್ಟು ಶುರುಗಳಿವೆ. ಏನು ಮಾಡೋಣ, ಬಟ್ಟೆ ಒಣಗಿಸುವ ಟ್ರೆಡ್‌ಮಿಲ್‌ಗೆ ಆಯುಧಪೂಜೆ ದಿನ ಅರಿಶಿನ ಕುಂಕುಮ ಇಟ್ಟು, ಮಾರನೇ ದಿನ ಮತ್ತೆ ಟವೆಲ್ ಹಾಕುತ್ತೇವೆ.

ಇಷ್ಟೂ ಮನೆಯೊಳಗಿನ ಮಾತು. ಬಾಗಿಲಾಚೆಗಿನದನ್ನು ನಾವು ಸುಲಭ ಮಾಡಿಕೊಳ್ಳೋಕಾಗಲ್ಲ, ಅದಕ್ಕೇ ಈ ಪತ್ರ. ನಮ್ಮ ಮೈಸೂರಿಗೆ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ಸೈಕಲ್ ಕೊಳ್ಳುವ, ಇಡಲು ಜಾಗ ಹುಡುಕುವ, ಗಾಳಿ ಹೊಡೆಸುವ ತಲೆನೋವು ತಪ್ಪಿತು. ಕಾರ್ಡ್ ಇಟ್ಟುಕೊಂಡು ತುಳಿದರೆ ಆಯಿತು. ಬೆಂಗಳೂರಿನಲ್ಲಿ ಶನಿವಾರದ ಕಬ್ಬನ್ ರೀಡ್ಸ್ ನೋಡಿ. ಭಾಷಣವಿಲ್ಲ, ಶುಲ್ಕವಿಲ್ಲ, ಪುಸ್ತಕ ಹಿಡಿದು ಹೋಗಿ ಮರದ ಕೆಳಗೆ ಸುಮ್ನೆ ಕೂತು ಓದುವುದು. 2023ರ ಶುರುವಿನಲ್ಲಿ ಆರಂಭವಾಗಿ ಈಗ ಎಷ್ಟೋ ಊರುಗಳಿಗೆ ಹಬ್ಬಿದೆ. ಅಲ್ಲಿಗೆ ಹೋಗುವವರಿಗೆಲ್ಲ ನಮಗಿಂತ ಛಲ ಜಾಸ್ತಿ ಅಂತ ನನಗನ್ನಿಸುವುದಿಲ್ಲ.

ನಮ್ಮ ಬಡಾವಣೆಯ ಪಾರ್ಕಿಗೆ ಬೆಳಿಗ್ಗೆ ಒಂಬತ್ತಕ್ಕೆ ಬೀಗ, ಮತ್ತೆ ತೆಗೆಯುವುದು ಸಂಜೆ ನಾಲ್ಕಕ್ಕೆ. ಮಕ್ಕಳನ್ನು ಕಳಿಸಿ, ಅಡುಗೆಮನೆ ಒರೆಸಿ ಹೆಂಗಸರಿಗೆ ಬಿಡುವಾಗುವುದೇ ಹತ್ತಕ್ಕೆ. ರಾತ್ರಿ ಪಾಳಿ ಮುಗಿಸಿ ಬರುವವರ ಪಾಡೂ ಇದೇ. ರಸ್ತೆಯಲ್ಲಿ ನಡೆಯೋಣ ಅಂದರೆ ಫುಟ್‌ಪಾತ್ ಮೇಲೆ ಬೈಕು, ಜಲ್ಲಿ ರಾಶಿ, ಟ್ರಾನ್ಸ್‌ಫಾರ್ಮರ್. ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲೇ ಹೇಳಿದೆ, ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಿರಿ ಅಂತ ಡಾಕ್ಟರು ಚೀಟಿಯಲ್ಲಿ ಬರೆದುಕೊಡುತ್ತಾರೆ. ಎಲ್ಲಿ ನಡೆಯೋಣ?

ಬೆಂಗಳೂರಿನಲ್ಲಿ ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನ 2024ರಲ್ಲೇ ಆಯಿತು. ಉಳಿದ ಊರುಗಳಲ್ಲೂ ಅದು ಬರಲಿ. ಪೂರ್ತಿ ಗೇಟು ತೆಗೆದರೆ ದನ ನುಗ್ಗುತ್ತದೆ ಅನ್ನುವುದಾದರೆ ಪಕ್ಕದ ಸಣ್ಣ ಗೇಟು ಸಾಕು, ನಾವು ಒಬ್ಬೊಬ್ಬರಾಗಿ ನುಸುಳಿಕೊಳ್ಳುತ್ತೇವೆ. ಅದೂ ಆಗದಿದ್ದರೆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಗೇಟಿನ ಮೇಲೆ ಬರೆದು ಹಾಕಲಿ, ಹೋಗಿ ಕೇಳುತ್ತೇವೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಿ, ಮೈಸೂರು