ಕರೆಂಟ್ ಹೋದ ಮೇಲೆ ಹಾಡು ಕೇಳಿಸಿತು

ಸಂಪಾದಕರೇ,

ಮೊನ್ನೆ ಭಾನುವಾರ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ ನನ್ನ ಭಾವಗೀತೆ ಕಾರ್ಯಕ್ರಮ ಇತ್ತು. ನಮ್ಮೂರ ಮಳೆ ಗೊತ್ತಲ್ವಾ? ತೇವಕ್ಕೆ ತಬಲಾದ ಶ್ರುತಿ ಇಳಿಯುತ್ತಲೇ ಇತ್ತು. ಪ್ರತಿ ಹಾಡಿನ ನಡುವೆ ಸುತ್ತಿಗೆಯ ಟಕ್ ಟಕ್. ಮೂರನೇ ಹಾಡಿಗೆ ಕರೆಂಟೂ ಹೋಯಿತು. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ!

"ಮಗಾ, ಕೆಳಗೆ ಬಂದು ಹಾಡು, ನಮಗೆ ಕೇಳ್ತದೆ" ಎಂದರು ಒಬ್ಬ ಅಜ್ಜ. ಇಳಿದೆ. ಯಾರೋ ಮೊಬೈಲ್ ಟಾರ್ಚ್ ಹಿಡಿದರು. ಮಂಜೇಶ್ವರದ ಗೋವಿಂದ ಪೈಗಳ ಪದ್ಯ ಎತ್ತಿಕೊಂಡೆ. ಪದ್ಯದ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ದ್ವಿತೀಯಾಕ್ಷರ ಪ್ರಾಸವನ್ನು 1911ರಲ್ಲೇ ಬಿಟ್ಟವರು ಅವರು. ಹಾಡುವವರಿಗೆ ಅದು ಸುಮ್ನೆ ಪರೀಕ್ಷೆಯ ಪ್ರಶ್ನೆ ಅಲ್ಲ. ಪ್ರಾಸ ಇದ್ದರೆ ಎರಡನೇ ಅಕ್ಷರ ಸಿಕ್ಕಿದ ಕೂಡಲೇ ಸಾಲು ನೆನಪಾಗುತ್ತದೆ. ಇಲ್ಲದಿದ್ದರೆ ಅರ್ಥವನ್ನೇ ಹಿಡಿದು ನಡೆಯಬೇಕು. ನಾನು ಎಡವಿದೆ. ಎರಡನೇ ಚರಣ ಪೂರ್ತಿ ಮರೆತುಹೋಯಿತು.

ಎದುರು ಕೂತಿದ್ದ ಹೈಸ್ಕೂಲ್ ಹುಡುಗಿ ಮೆಲ್ಲಗೆ ಸಾಲು ಹೇಳಿಕೊಟ್ಟಳು. ಆಮೇಲೆ ಕೇಳಿದರೆ, ಮನೆಮಾತು ಮಲಯಾಳಂ, ಕಲಿಯುವುದು ಕನ್ನಡ ಮೀಡಿಯಂ. ಮುಂದಿನ ಹಾಡಿಗೆ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಪಲ್ಲವಿಗೆ ಸಭೆಯೇ ದನಿಗೂಡಿಸಿತು. ಅಜ್ಜನ ತಾಳ ಸ್ವಲ್ಪ ಜಾಸ್ತಿ ಜೋರು, ಇರಲಿ.

ಒಂದೇ ತಕರಾರು. ಇಂಥ ಕಾರ್ಯಕ್ರಮಗಳ ವರದಿಯಲ್ಲಿ ವೇದಿಕೆಯ ಗಣ್ಯರೆಲ್ಲರ ಹೆಸರು ಬರುತ್ತದೆ. ಕತ್ತಲಲ್ಲೂ ಲಯ ಬಿಡದ ತಬಲಾದವರ ಹೆಸರಿಗೆ ಮಾತ್ರ ಜಾಗ ಇರುವುದಿಲ್ಲ. ಮುಂದಿನ ಸಲ ಅರ್ಧ ಸಾಲು ಕೊಡಿ ಸಾರ್.

- ಒಬ್ಬ ಗಾಯಕಿ, ಬದಿಯಡ್ಕ