‘ಸಾಗಾ’ ಮೊದಲ ಸಂಚಿಕೆ: ಸದಸ್ಯರ ಗಮನಕ್ಕೆ

ಸದಸ್ಯರೇ, ಈ ಬಾರಿ ವಿಮರ್ಶೆಗೆ ಆಯ್ದುಕೊಂಡಿರುವುದು ಬ್ರಯಾನ್ ಕೆ. ವಾನ್ ಬರೆದು ಫಿಯೋನಾ ಸ್ಟೇಪಲ್ಸ್ ಚಿತ್ರಿಸಿದ, 2012ರ ಮಾರ್ಚ್‌ನಲ್ಲಿ ಹೊರಬಂದ ‘ಸಾಗಾ’ ಕಾಮಿಕ್ಸ್ ಸರಣಿಯ ಮೊದಲ ಸಂಚಿಕೆ. ಕಾದಾಡುತ್ತಿರುವ ಎರಡು ಲೋಕಗಳ ಸೈನಿಕರಾಗಿದ್ದ ಅಲಾನಾ ಮತ್ತು ಮಾರ್ಕೊ ದಂಪತಿಗೆ ಹೆಣ್ಣುಮಗು ಹುಟ್ಟುವ ಗಳಿಗೆಯಿಂದಲೇ ಕಥೆ ಆರಂಭವಾಗುತ್ತದೆ. ಬೆಳೆದ ಮೇಲೆ ಅದೇ ಮಗು ಹೇಳುವ ಮಾತುಗಳನ್ನು ಸ್ಟೇಪಲ್ಸ್ ತಮ್ಮ ಕೈಬರಹದಲ್ಲೇ, ಚೌಕಟ್ಟಿಲ್ಲದೆ, ಚಿತ್ರಗಳ ಮೇಲೆ ಬರೆದಿರುವುದರಿಂದ ನಕ್ಷತ್ರಲೋಕಗಳನ್ನು ವ್ಯಾಪಿಸಿದ ಯುದ್ಧವೂ ಮನೆಮಾತಿನಂತೆ ಕೇಳಿಸುತ್ತದೆ. ಟಿವಿ ತಲೆಯ ರಾಜಕುಮಾರನನ್ನು ಕಂಡು ನಾನು ಮೊದಲು ನಕ್ಕೆ, ಆಮೇಲೆ ನಗಲಿಲ್ಲ. ಒಂದೇ ಸಂಚಿಕೆಗೆ ಪಾತ್ರಗಳು ತುಸು ಹೆಚ್ಚಾದವೆಂಬುದು ನನ್ನ ಆಕ್ಷೇಪ. ವಿಮರ್ಶೆಯಲ್ಲಿ ಮುಂದಿನ ಸಂಚಿಕೆಗಳ ಕಥೆಯನ್ನು ದಯವಿಟ್ಟು ಬಯಲು ಮಾಡಬೇಡಿ; ನಗ್ನತೆ, ಹಿಂಸೆಯ ದೃಶ್ಯಗಳಿರುವುದರಿಂದ ಪುಟಗಳ ಚಿತ್ರಗಳನ್ನು ಗುಂಪಿಗೆ ಹಾಕಬೇಡಿ.