ಪ್ಲಾಸ್ಟಿಕ್ ಕುಂಡಗಳಿಗೆ ಬಣ್ಣ ಏಕೆ ನಿಲ್ಲುವುದಿಲ್ಲ?

ಮಾನ್ಯ ಸಂಪಾದಕರೇ,

ದಸರೆ ಹತ್ತಿರವಾದಂತೆ ಮೈಸೂರಿನ ಬಡಾವಣೆಗಳಲ್ಲಿ ಗೇಟು, ಕಾಂಪೌಂಡುಗಳಿಗೆ ಬಣ್ಣ ಹೊಡೆಸುವವರು ಡಬ್ಬಿಯ ತಳದಲ್ಲಿ ಮಿಕ್ಕಿದ್ದನ್ನು ತಾರಸಿಯ ಪ್ಲಾಸ್ಟಿಕ್ ಕುಂಡಗಳಿಗೂ ಬಳಿದು ಮುಗಿಸುವುದು ವಾಡಿಕೆ. ಕಳೆದ ವರ್ಷ ನಾನೂ ಹಾಗೆಯೇ ಮಾಡಿದೆ. ಅಂಗಡಿಯವರೊಬ್ಬರು ‘ಎಲ್ಲಕ್ಕೂ ಆಗುತ್ತದೆ’ ಎಂದು ಕೊಟ್ಟ ಎನಾಮೆಲನ್ನು ಹದಿನಾಲ್ಕು ಕುಂಡಗಳಿಗೆ ಎರಡೆರಡು ಸಲ ಬಳಿದೆ. ಸಂಕ್ರಾಂತಿಯ ಹೊತ್ತಿಗೆ ಒಂದು ಕುಂಡವನ್ನು ಸರಿಸಲು ಹೋದಾಗ, ಉಗುರು ತಗುಲಿದ ಕಡೆಯಿಂದ ಬಣ್ಣವು ಹಾಲಿನ ಕೆನೆಯಂತೆ ಅಂಗೈಯಗಲ ಎದ್ದು ಬಂತು. ಅಡಿಯಲ್ಲಿದ್ದ ಪ್ಲಾಸ್ಟಿಕ್ಕು, ಬಣ್ಣ ತನ್ನನ್ನು ಮುಟ್ಟಿಯೇ ಇಲ್ಲವೇನೋ ಎಂಬಂತೆ ನುಣ್ಣಗಿತ್ತು.

ಇದು ಬಣ್ಣದ ದೋಷವಲ್ಲ, ಕೆಲಸ ಮಾಡಿದ ಕ್ರಮದ ದೋಷ ಎಂಬುದು ನನಗೆ ಆಮೇಲೆ ತಿಳಿಯಿತು. ನಮ್ಮ ಕುಂಡಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನಿನವು, ನೀಲಿ ಡ್ರಮ್ಮುಗಳು ಪಾಲಿಎಥಿಲೀನಿನವು. ತಳದ ತ್ರಿಕೋನದೊಳಗೆ ಕ್ರಮವಾಗಿ 5 ಮತ್ತು 2 ಎಂಬ ಅಂಕೆಗಳಿರುತ್ತವೆ. ಕೆಸುವಿನ ಎಲೆಯ ಮೇಲೆ ನೀರು ಹೇಗೆ ಹರಡದೆ ಮಣಿಯಾಗಿ ಉರುಳುತ್ತದೆಯೋ, ಇವುಗಳ ಮೈಮೇಲೆ ಬಣ್ಣವೂ ಹೆಚ್ಚುಕಡಿಮೆ ಹಾಗೆಯೇ: ಹರಡಿದಂತೆ ಕಂಡರೂ ಅಂಟಿಕೊಳ್ಳುವುದಿಲ್ಲ. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಅಳಿಸದ ಶಾಯಿ ಒದಗಿಸುತ್ತಿರುವ ಊರಿನಲ್ಲಿ ಕುಂಡದ ಬಣ್ಣ ಮೂರು ತಿಂಗಳೂ ಬಾಳದಿರುವುದು ತಮಾಷೆಯೆನಿಸಬಹುದು. ಆದರೆ ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಡನೆ ಬೆರೆತು ಕಚ್ಚಿಕೊಳ್ಳುತ್ತದೆ. ಈ ಪ್ಲಾಸ್ಟಿಕ್ಕುಗಳು ಬಣ್ಣಕ್ಕೆ ಅಂಥ ಹಿಡಿತವನ್ನೇ ಕೊಡುವುದಿಲ್ಲ.

ಹಿಡಿತವನ್ನು ನಾವೇ ಮಾಡಿಕೊಡಬೇಕು, ಶ್ರಮವೆಲ್ಲ ಅಲ್ಲಿಯೇ ಇರುವುದು. ಮೊದಲಿಗೆ ಕುಂಡದ ಅಂಚನ್ನು ಬೆರಳಿನಿಂದ ಒತ್ತಿ ನೋಡಬೇಕು. ಬಿಸಿಲಿಗೆ ಪುಡಿಯೆದ್ದು ಹಪ್ಪಳದಂತೆ ಮುರಿಯುವುದಾದರೆ ಅದಕ್ಕೆ ಬಣ್ಣ ದಂಡ. ಗಟ್ಟಿಯಾಗಿದ್ದರೆ ಮಣ್ಣು ತೆಗೆದು, ಪಾಚಿ ಮತ್ತು ಜಿಡ್ಡು ಹೋಗುವಂತೆ ಪಾತ್ರೆ ತೊಳೆಯುವ ಸೋಪಿನಿಂದ ತಿಕ್ಕಿ ತೊಳೆಯಬೇಕು. ಹೊಸ ಕುಂಡವನ್ನೂ ತೊಳೆಯಲೇಬೇಕು, ಏಕೆಂದರೆ ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಕಾರ್ಖಾನೆಯಲ್ಲಿ ಬಳಸುವ ಜಾರುವಸ್ತುವಿನ ಅಂಶ ಅದರ ಮೇಲೆ ಉಳಿದಿರಬಹುದು. ಬೋರ್‌ವೆಲ್ ನೀರಿನಿಂದ ಅಂಚಿನಲ್ಲಿ ಕಟ್ಟಿದ ಬಿಳಿಯ ಹಕ್ಕಳೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿಟ್ಟರೆ ಬಿಟ್ಟುಕೊಳ್ಳುತ್ತದೆ. ಚೆನ್ನಾಗಿ ಒಣಗಿದ ಮೇಲೆ 220 ನಂಬರಿನ, ಆಮೇಲೆ ಇನ್ನೂ ನಯವಾದ 320 ನಂಬರಿನ ಉಪ್ಪುಕಾಗದದಿಂದ ಹೊಳಪು ಪೂರ್ತಿ ಸಾಯುವವರೆಗೆ ಉಜ್ಜಿ, ಧೂಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬೇಕು. ಇಷ್ಟಾದರೂ ಪಾಲಿಪ್ರೊಪಿಲೀನಿಗೆ ಸಾಲದು. ಅದಕ್ಕೆಂದೇ ಇರುವ ಅಡ್ಹೀಶನ್ ಪ್ರಮೋಟರ್ ಎಂಬ ತೆಳು ದ್ರವವನ್ನು ಮೊದಲು ಹೊಡೆಯಬೇಕು. ಕಾರಿನ ಬಂಪರುಗಳು ಸಾಮಾನ್ಯವಾಗಿ ಇದೇ ಜಾತಿಯ ಪ್ಲಾಸ್ಟಿಕ್ಕಿನವಾದ್ದರಿಂದ, ಮನೆಗೆ ಬಣ್ಣ ಮಾರುವ ಅಂಗಡಿಗಿಂತ ಕಾರಿನ ಬಣ್ಣದ ಅಂಗಡಿಯಲ್ಲಿ ಅದು ಬೇಗ ಸಿಗುತ್ತದೆ. ಅದನ್ನು ಹೊಡೆದ ಮೇಲೆ ಡಬ್ಬಿಯ ಮೇಲೆ ಹೇಳಿದ ಅವಧಿಯೊಳಗೆ ಬಣ್ಣ ಬೀಳಬೇಕು, ಮಾರನೆಯ ದಿನಕ್ಕೆ ಮುಂದೂಡುವಂತಿಲ್ಲ.

ಬಣ್ಣ ಬಳಿಯುವುದು ಇದರ ಮುಂದೆ ಚಿಕ್ಕ ಕೆಲಸ. ಮಳೆ ನಿಂತ ಮೇಲೆ, ನೆರಳಿನಲ್ಲಿ, ಒಂದೇ ದಪ್ಪ ಪದರಕ್ಕೆ ಬದಲಾಗಿ ಮೂರು ತೆಳು ಪದರ ಹೊಡೆದು, ವಾರದ ಮಟ್ಟಿಗೆ ನೀರು ತಾಗಿಸದಿದ್ದರೆ ಸಾಕು. ಒಳಮೈಗೆ ಬೇಡ, ಅಂಚಿನಿಂದ ಎರಡು ಅಂಗುಲ ಒಳಗಿಳಿದರೆ ನೋಟಕ್ಕೆ ಸಾಕು, ಮಣ್ಣಿಗೆ ಚಕ್ಕೆ ಸೇರುವ ಭಯವೂ ಇಲ್ಲ. ಕಪ್ಪು ಕುಂಡಕ್ಕೆ ತಿಳಿ ಬಣ್ಣ ಬಳಿದರೆ ಏಪ್ರಿಲ್ ಬಿಸಿಲಿನಲ್ಲಿ ಬೇರು ಅಷ್ಟಾಗಿ ಬೇಯುವುದಿಲ್ಲವೆಂಬುದು ಇದರ ನಿಜವಾದ ಲಾಭವೆಂದು ನನ್ನೆಣಿಕೆ, ಅಂದ ಆಮೇಲಿನ ಮಾತು. ಅಟ್ಟದಲ್ಲಿರುವ ಹಳೆಯ ಡಬ್ಬಿಗಳನ್ನು ಮಾತ್ರ ಇದಕ್ಕೆ ಇಳಿಸಬಾರದು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಕೇಂದ್ರದ ನಿಯಮ ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕೆ ಹಿಂದಿನ ಬಣ್ಣ ದೊಡ್ಡಪತ್ರೆ, ಕರಿಬೇವಿನ ಕುಂಡದ ಮೇಲೆ ಏಕೆ?

ತಾರಸಿ ತೋಟ ಮಾಡುವವರು ಈ ಊರಿನಲ್ಲಿ ಸಾಕಷ್ಟು ಮಂದಿ ಇದ್ದೇವೆ. ದಸರೆಯ ಫಲಪುಷ್ಪ ಪ್ರದರ್ಶನಕ್ಕೆಂದು ಕುಪ್ಪಣ್ಣ ಉದ್ಯಾನದಲ್ಲಿ ಪ್ರತಿವರ್ಷ ಅಷ್ಟೊಂದು ಕುಂಡಗಳನ್ನು ಜೋಡಿಸುವ ತೋಟಗಾರಿಕೆ ಇಲಾಖೆಯವರು ಅಲ್ಲಿಯೇ ಒಂದು ಮೇಜು ಹಾಕಿ, ಉಜ್ಜದೆ ಬಳಿದ ಕುಂಡವೊಂದನ್ನೂ ಉಜ್ಜಿ ಬಳಿದದ್ದೊಂದನ್ನೂ ಪಕ್ಕಪಕ್ಕದಲ್ಲಿಟ್ಟು, ನೋಡುಗರ ಉಗುರಿಗೇ ಪರೀಕ್ಷೆ ಬಿಡಬೇಕೆಂದು ಕೋರುತ್ತೇನೆ. ಸುಲಿದುಹೋದ ಕುಂಡ ಬೇಕಿದ್ದರೆ ನನ್ನ ಬಳಿ ಹನ್ನೆರಡು ಉಳಿದಿವೆ.

– ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು